ಸೊಲ್ಲು ಎತ್ತಿದವಳ ಹೆಸರು

ನಮ್ಮೂರಿನ ಗಂಡಸರು ಹೆಂಡತಿಯರ ಹತ್ತಿರ ಬೇರೆ ಯಾವ ಸುಳ್ಳು ಬೇಕಾದರೂ ಹೇಳುತ್ತಾರೆ, ಗದ್ದೆಗೆ ಹೋಗಿದ್ದೆ ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಸಂಜೆಯೊಳಗೆ ಸಿಕ್ಕಿಬೀಳುತ್ತಾರೆ. ಬದುವಿನ ಮೇಲೆ ನಿಂತು ಯಾರಾದರೂ ಹಾಡಿನ ಒಂದು ಸೊಲ್ಲು ಎತ್ತಿದರೆ ಸಾಕು, ಗದ್ದೆ ಅದನ್ನು ಹಿಡಿದು ತಿರುಗಿ ಹಾಡುತ್ತದೆ. ಹಾಡುವಾಗ ಆ ಬೆಳೆಗೆ ಯಾರ್ಯಾರು ಕೈ ಹಾಕಿದ್ದಾರೋ ಅವರ ಹೆಸರನ್ನೆಲ್ಲ ಒಂದೊಂದಾಗಿ ಸೇರಿಸಿಕೊಂಡು ಹಾಡುತ್ತದೆ. ಹೆಚ್ಚು ದುಡಿದವರದು ಮೊದಲು ಮತ್ತು ಗಟ್ಟಿಯಾಗಿ, ಕಮ್ಮಿ ದುಡಿದವರದು ಆಮೇಲೆ ಮತ್ತು ಮೆಲ್ಲಗೆ. ದೊಡ್ಡ ಹಂಡೆಯೊಳಗೆ ಬಾಯಿಟ್ಟು ಹಾಡಿದ ಹಾಗಿರುತ್ತದೆ ಅದರ ದನಿ. ಹೊಸದಾಗಿ ಬಂದವರು ಒಂದೆರಡು ದಿನ ಬೆಚ್ಚುತ್ತಾರೆ, ಆಮೇಲೆ ಅವರಿಗೂ ರೂಢಿಯಾಗುತ್ತದೆ.

ನಮ್ಮ ಮನೆಯ ಗದ್ದೆ ಕಾಲುವೆಯ ಪಕ್ಕದಲ್ಲಿದೆ. ಅದರ ಬಾಯಲ್ಲಿ ಮೊದಲು ಬರುವುದು ಸಾಕಮ್ಮನ ಹೆಸರು. ಸಾಕಮ್ಮ ನಮ್ಮ ನಾಟಿ ಹೆಂಗಸರ ಮುಂದಾಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳೆಂದರೆ ಆ ಕೊನೆ ಮುಟ್ಟುವವರೆಗೆ ತಲೆ ಎತ್ತುವವಳಲ್ಲ. ಅವಳಾದ ಮೇಲೆ ನನ್ನದು, ನಿಂಗಾಜಮ್ಮ ಎಂದು. ನನ್ನದಾದ ಮೇಲೆ ನಮ್ಮ ಎತ್ತು ಕರಿಯನದು, ಅದಾದ ಮೇಲೆ ನನ್ನ ಗಂಡನದು. ಈ ವಿಷಯಕ್ಕೆ ಅವರಿಗೆ ಇವತ್ತಿಗೂ ಕೋಪವಿದೆ, ಹಬ್ಬದ ದಿನ ಎತ್ತಿಗೆ ಕುಂಕುಮ ಇಡುವಾಗ ಮುಖ ಆ ಕಡೆ ತಿರುಗಿಸಿರುತ್ತಾರೆ. ಒಂದು ಸಲ ಅಳತೆಗೆ ಬಂದ ಸರ್ವೆಯವರೊಬ್ಬರು ಬದುವಿನಿಂದ ಜಾರಿ ಕೆಸರಿಗೆ ಬಿದ್ದು, ಏಳುವಾಗ ಕೈಗೆ ಸಿಕ್ಕ ಕಳೆ ನಾಲ್ಕು ಕಿತ್ತುಕೊಂಡು ಎದ್ದರು. ಸುಗ್ಗಿಯವರೆಗೂ ಎಲ್ಲರ ಹೆಸರಾದ ಮೇಲೆ ಕೊನೆಯಲ್ಲಿ 'ಸಾಹೇಬರು' ಎಂದು ಗದ್ದೆ ಮರ್ಯಾದೆಯಿಂದ ಸೇರಿಸಿ ಹಾಡುತ್ತಿತ್ತು.

ಆದರೆ ಗದ್ದೆಗೂ ತನ್ನದೇ ನಡವಳಿಕೆ ಇದೆ. ಒಳಗೆ ಕೆಲಸ ನಡೆಯುತ್ತಿರುವಾಗ ಅದು ಬಾಯಿ ಬಿಡುವುದಿಲ್ಲ, ಎಲ್ಲರೂ ಹತ್ತಿ ಬದುವಿನ ಮೇಲೆ ನಿಂತ ಮೇಲೆಯೇ ಹಾಡುವುದು. ಹಾಡಿದರೂ ದಿನಕ್ಕೆ ಒಂದೇ ಸಲ. ಇನ್ನೊಂದು ಏನೆಂದರೆ, ಸೊಲ್ಲು ಎತ್ತಿದವರ ಹೆಸರನ್ನು ಅದು ಹೇಳುವುದಿಲ್ಲ. ಎದುರಿಗೆ ನಿಂತು ಕೇಳುತ್ತಿರುವವರಿಗೆ ಅವರದೇ ಹೆಸರನ್ನು ಯಾಕೆ ಹೇಳಬೇಕು ಎಂದೋ ಏನೋ.

ನಮ್ಮ ಗದ್ದೆಯಲ್ಲಿ ಯಾವತ್ತೂ ಸೊಲ್ಲು ಎತ್ತುತ್ತಿದ್ದವಳು ನನ್ನ ಓರಗಿತ್ತಿ ದೇವೀರಮ್ಮ. ಹಿರಿಯ ಸೊಸೆ, ನನಗೆ ಅಕ್ಕ. ಅವಳು ಮದುವೆಯಾಗಿ ಬಂದ ವರ್ಷ ನಾಟಿಯ ದಿನ ಸುಮ್ಮನೆ ಒಂದು ಪದ ಹೇಳಿದಳಂತೆ. ಆ ದನಿ ಕೇಳಿ ಹೆಂಗಸರ ಕೈ ತಾನಾಗಿಯೇ ಓಡಿ, ಹೊತ್ತು ಮುಳುಗುವುದರೊಳಗೆ ಆಗಬೇಕಾದ ನಾಟಿ ಮಧ್ಯಾಹ್ನಕ್ಕೇ ಮುಗಿಯಿತಂತೆ. ನಮ್ಮ ಅತ್ತೆ ಲೆಕ್ಕಾಚಾರದ ಹೆಂಗಸು. "ನೀನು ಕೆಸರಿಗೆ ಇಳಿಬ್ಯಾಡ ಕಣವ್ವ, ಬದಿನ ಮೇಲೆ ನಿಂತು ಪದ ಹೇಳು. ಮಿಕ್ಕಿದ್ದು ಇವ್ರು ನೋಡ್ಕತಾರೆ" ಎಂದರು. ಅವತ್ತು ಬದುವಿನ ಮೇಲೆ ನಿಂತ ಅಕ್ಕ ಕೆಳಗೆ ಇಳಿಯಲೇ ಇಲ್ಲ. ಮಗಳು ಹೊಂಬಾಳೆ ಹುಟ್ಟಿದಳು, ಬೆಳೆದಳು, ಹನ್ನೆರಡು ತುಂಬುವ ಮೊದಲೇ ನಮ್ಮ ಜೊತೆ ಕಳೆ ಕೀಳಲು ಇಳಿದಳು, ಅವಳ ತಾಯಿ ಮಾತ್ರ ಬದುವಿನ ಮೇಲೆಯೇ ಇದ್ದಳು.

ನಮಗೇನೂ ಹೊಟ್ಟೆಕಿಚ್ಚಿರಲಿಲ್ಲ, ದೇವರಾಣೆ. ಅಕ್ಕ ಹಾಡುತ್ತಿದ್ದರೆ ಸೊಂಟ ನೋವು ಇದೆ ಎನ್ನುವುದೇ ಮರೆತು ಹೋಗುತ್ತಿತ್ತು. "ಕೆಸರೇ ನಮ್ಮ ಕಾಲಿನ ಕಡಗ, ಪೈರೇ ನಮ್ಮ ಮುಡಿಯ ಹೂವ, ಯಾರ್ಯಾರು ಇಳಿದಾರೆ ಹೇಳೇ ಗದ್ದೆವ್ವ" ಎಂದು ಅವಳೇ ಕಟ್ಟಿದ ಪದ ಸುತ್ತಮುತ್ತಲ ಊರಿಗೆಲ್ಲ ಬಾಯಿಪಾಠ. ದೊಡ್ಡ ದೊಡ್ಡ ಸಭೆಗೂ ಕರೆಯುತ್ತಿದ್ದರು. ದುಡಿಯುವ ಹೆಂಗಸಿನ ಬೆವರು, ಅವಳ ಬಿರುಕು ಬಿಟ್ಟ ಹಿಮ್ಮಡಿ, ಇವನ್ನೆಲ್ಲ ಅಕ್ಕ ಹಾಡಿದರೆ ಮುಂದಿನ ಸಾಲಿನ ಕುರ್ಚಿಯವರು ಕರವಸ್ತ್ರ ತೆಗೆಯುತ್ತಿದ್ದರು. ಹೊದಿಸಿದ ಶಾಲುಗಳು ಟ್ರಂಕಿನಲ್ಲಿ ಹಿಡಿಸದೆ ನಾವು ಅಕ್ಕಿ ಮೂಟೆಯ ಮೇಲೆ ಹೊದಿಸಿದ್ದೆವು. ಅಕ್ಕನ ಹಿಮ್ಮಡಿ ಮಾತ್ರ ಬೆಣ್ಣೆ ಹಾಗಿತ್ತು.

ಹೀಗಿರುವಾಗ ಕೆಳಗಿನ ಊರಿನ ಮೊಗಣ್ಣಗೌಡರು ತಮ್ಮ ಮಗ ಶಿವಲಿಂಗುವಿಗೆ ಹೊಂಬಾಳೆಯನ್ನು ಕೇಳಿಕೊಂಡು ಬಂದರು. ಹುಡುಗ ಹುಡುಗಿ ಯಾರದೋ ಮದುವೆಯ ಚಪ್ಪರದಲ್ಲಿ ಮೊದಲೇ ನೋಡಿಕೊಂಡಿದ್ದರು. ಬಂದ ಗಂಡುಗಳಿಗೆಲ್ಲ ಮೂಗು ಮುರಿದ ಹೊಂಬಾಳೆ ಈ ಹೆಸರು ಕೇಳಿದ್ದೇ ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತಳು. ಗೌಡರು ಸಕ್ಕರೆ ಇಲ್ಲದ ಕಾಫಿಯನ್ನು ಮಾತಾಡದೆ ಕುಡಿದು, ಮೀಸೆ ಒರೆಸಿಕೊಂಡು ಹೇಳಿದರು:

"ಹುಡುಗಿ ಒಪ್ಪಿಗೆ ತಾಯಿ. ನಮ್ಮ ಹುಡುಗಂತೂ ಊಟ ಸರಿಯಾಗಿ ಮಾಡಿ ತಿಂಗಳಾಯ್ತು. ಇನ್ನು ಗದ್ದೆ ಕೇಳೋದೊಂದು ಉಳ್ಕಂಡದೆ."

ಹೆಣ್ಣಿನ ಮನೆಯ ಗದ್ದೆ ಕೇಳುವುದು ನಮ್ಮ ಕಡೆಯ ಶಾಸ್ತ್ರ. ಗಂಡಿನ ಕಡೆಯವರು ಬದುವಿನ ಮೇಲೆ ನಿಂತು, ಆ ಮನೆಯವರ ಹೆಸರು ಗದ್ದೆಯ ಬಾಯಲ್ಲಿ ಬರುತ್ತದೋ ಇಲ್ಲವೋ ಕೇಳಿಕೊಂಡು, ಆಮೇಲೆ ಎಲೆ ಅಡಿಕೆ ಬದಲಾಯಿಸಿಕೊಳ್ಳುತ್ತಾರೆ.

"ಅದಕ್ಕೇನಂತೆ, ಕೇಳಿ ಗೌಡ್ರೇ. ನಾನೇ ಸೊಲ್ಲೆತ್ತುತೀನಿ" ಎಂದಳು ಅಕ್ಕ.

"ಅಲ್ಲೇ ಇರೋದು ತೊಡಕು" ಎಂದರು ಗೌಡರು. "ನಿಮ್ಮ ಪದ ಕೇಳಿ ಕಣ್ಣೀರು ಹಾಕಿದೋರಲ್ಲಿ ನಾನೂ ಒಬ್ಬ, ಇಲ್ಲ ಅನ್ನಕಿಲ್ಲ. ಆದ್ರೆ ನಿಮ್ಮ ಹೆಸ್ರು ಗದ್ದೆ ಬಾಯಲ್ಲಿ ಇದುವರ್ಗೂ ಒಬ್ರೂ ಕೇಳಿಲ್ವಲ್ಲ. ಅವ್ವ ಬದಿನ ಮೇಲೆ ನಿಂತೋಳಾದ್ರೆ ಮಗಳೂ ನಾಳೆ ನಮ್ಮ ಬದಿನ ಮೇಲೇ ನಿಂತ್ಕತಾಳೆ. ನಮ್ಮದು ದುಡ್ಯೋ ಮನೆ. ಕಳೆ ಮುಗಿದು ಹುಣ್ಣಿಮೆ ಆದ ಮೇಲೆ ಬತ್ತೀವಿ. ಅವತ್ತು ಸೊಲ್ಲು ಬೇರೆ ಯಾರಾದ್ರೂ ಎತ್ಲಿ. ನಿಮ್ಮ ಹೆಸ್ರು ಬಂದ್ರೆ ಅಲ್ಲೇ ಎಲಡಕೆ. ಬರನಿಲ್ಲ ಅಂದ್ರೆ ಬ್ಯಾಸರ ಮಾಡ್ಕಬ್ಯಾಡಿ."

ಅವರು ಹೋದ ಮೇಲೆ ಅಕ್ಕ ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂತಳು. ಹೊಂಬಾಳೆ ಮುದ್ದೆ ತಿರುವುತ್ತಿದ್ದಳು. ತಾಯಿಯ ಮುಖ ನೋಡದೆ, "ಅವ್ವ, ನಂಗೆ ಅವ್ನೇ ಬೇಕು" ಎಂದು ಹೇಳಿ ಮತ್ತೆ ತಿರುವತೊಡಗಿದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಅವಳು ನೀರಿಗೆ ಹೋದಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. "ನಿಂಗಾಜಿ, ಸೊಲ್ಲು ನನ್ನ ಬಾಯಲ್ಲಿರೋವರ್ಗೂ ನನ್ನ ಹೆಸ್ರು ಯಾಕೆ ಬರನಿಲ್ಲ ಅಂತ ಒಬ್ರೂ ಕೇಳಂಗಿರನಿಲ್ಲ ಕಣೆ. ಎತ್ತಿದೋಳು ಇವ್ಳೇ ಅಲ್ವಾ, ಅದಕ್ಕೇ ಬರನಿಲ್ಲ ಅಂದ್ಕತಿದ್ರು. ಈಗ ಕೊಟ್ಬುಟ್ಟು, ಬರದೇ ಹೋದ್ರೆ?"

"ಇಳುದ್ರೆ ಬತ್ತದೆ. ಇಳಿಯಕ್ಕೆ ನಿಂಗೇನು ಕಾಲಿಲ್ವಾ?" ಎಂದೆ. ಅವಳ ಕಣ್ಣಲ್ಲಿ ನೀರು ನೋಡಿದ್ದಕ್ಕೇ ಸ್ವಲ್ಪ ಜೋರಾಗಿ ಅಂದೆ.

ಮಾರನೆಯ ಬೆಳಿಗ್ಗೆ ಅಕ್ಕ ಗದ್ದೆಗೆ ಬಂದಳು. ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ಒಂದು ಕಾಲು ಕೆಸರಿಗೆ ಇಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟಳು. ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡಿದರು.

"ಏನ್ ದೇವೀರಕ್ಕ, ದಾರಿ ಗೀರಿ ತೆಪ್ಪೋಯ್ತಾ?" ಎಂದಳು ಸಾಕಮ್ಮ.

"ತೆಪ್ಪೋಗಿದ್ದೆ ಕಣವ್ವ, ಈಗ ಬಂದೆ. ನನ್ನ ಸಾಲು ಯಾವ್ದು ತೋರ್ಸು."

ಸಾಕಮ್ಮ ತೋರಿಸಿದಳು. ಅಕ್ಕ ಶ್ರದ್ಧೆಯಿಂದ ಬಗ್ಗಿ, ಪೈರನ್ನು ಕಿತ್ತು ಕಳೆಯನ್ನು ಉಳಿಸುತ್ತ ಹೊರಟಳು. ನೋಡುವುದಕ್ಕೆ ಎರಡೂ ಒಂದೇ ಥರ ಹಸಿರು, ಅವಳ ತಪ್ಪೂ ಅಲ್ಲ. ಹಿಂದೆ ಬರುತ್ತಿದ್ದ ಸಾಕಮ್ಮ ಪೈರನ್ನು ಮತ್ತೆ ಊರಿ, ಕಳೆಯನ್ನು ಕಿತ್ತು ಬದುವಿಗೆ ಎಸೆದಳು. ಒಂದು ಗಂಟೆ ಕಳೆಯುವುದರಲ್ಲಿ ಸೊಂಟ ಹಿಡಿದು ಅಕ್ಕ, ನೆಟ್ಟಗೂ ನಿಲ್ಲಲಾಗದೆ ಬಗ್ಗಲೂ ಆಗದೆ ನಡುವೆ ನಿಂತಳು.

"ಒಂದು ಪದನಾರೂ ಹೇಳಕ್ಕ, ಕೈ ಓಡ್ತಿಲ್ಲ" ಎಂದು ಯಾರೋ ಕೂಗಿದರು. ಅಕ್ಕ ಅರ್ಧ ಬಗ್ಗಿದಲ್ಲಿಂದಲೇ "ಕೆಸರೇ ನಮ್ಮ ಕಾಲಿನ ಕಡಗ" ಎಂದು ಎತ್ತಿದಳು. ಕಡಗ ಎನ್ನುವುದರೊಳಗೆ ಉಸಿರು ಮುಗಿಯಿತು. ಮತ್ತೆ ಎತ್ತಿದಳು, ಮತ್ತೆ ಮುಗಿಯಿತು. ಕೆಸರಿನಿಂದ ಕಾಲು ಕಿತ್ತುಕೊಳ್ಳುತ್ತ, "ಇದು ಕಡಗವಂತೆ ಕಡಗ. ಯಾವ ಮನೆಹಾಳಿ ಕಟ್ಟಿದ್ಲೋ ಈ ಪದವ" ಎಂದು ಬೈದಳು.

"ನೀನೇ ಕಣಕ್ಕ" ಎಂದೆ ನಾನು.

ಸಾಕಮ್ಮ ಕೆಸರಿನಲ್ಲೇ ಕೂತುಬಿಟ್ಟಳು ನಗು ತಡೆಯಲಾರದೆ. ಅಕ್ಕನೂ ನಕ್ಕಳು, ಆದರೆ ನಗುವುದಕ್ಕೂ ಸೊಂಟ ಬೇಕು ಎಂದು ಅವತ್ತು ಅವಳಿಗೆ ತಿಳಿಯಿತು.

ಸಂಜೆ ಮನೆಗೆ ಬಂದು ಅಂಗಾತ ಬಿದ್ದುಕೊಂಡವಳ ಕಾಲಿಗೆ ನಾನು ಹರಳೆಣ್ಣೆ ತಿಕ್ಕಿದೆ. ಮಾರನೆಯ ದಿನ ಬರುವುದಿಲ್ಲ ಎಂದುಕೊಂಡಿದ್ದೆ, ಬಂದಳು. ಅದರ ಮಾರನೆಯ ದಿನವೂ ಬಂದಳು. ಒಂದು ದಿನ ಬೆಂಗಳೂರಿನವರು ಸಭೆಗೆ ಕರೆಯಲು ಕಾರು ತಂದಿದ್ದರು, ಕೆಸರು ಕೈ ತೋರಿಸಿ ಕಳಿಸಿದಳು. ಹಾಡನ್ನಂತೂ ಪೂರ್ತಿ ಬಿಟ್ಟಳು. ಸಂಜೆ ಎಲ್ಲರೂ ಹತ್ತಿ ನಿಂತಾಗ ಸಾಕಮ್ಮ, "ಒಂದ್ಸಲ ನಾನೆತ್ತಿ ನೋಡ್ಲಾ, ನಿನ್ನ ಹೆಸ್ರು ಬತ್ತದೋ ಏನೋ ಗೊತ್ತಾಯ್ತದೆ" ಎಂದರೆ, "ಬ್ಯಾಡ ಸಾಕಿ. ಬರನಿಲ್ಲ ಅಂದ್ರೆ ನಾಳೆ ಇಳಿಯಕ್ಕೆ ಕಾಲು ಬರಕಿಲ್ಲ" ಎನ್ನುತ್ತಿದ್ದಳು. ನಾವೂ ಸುಮ್ಮನೆ ಮನೆ ಕಡೆ ನಡೆಯುತ್ತಿದ್ದೆವು.

ಒಂದು ವಿಷಯ ಮಾತ್ರ ವಿಚಿತ್ರವಾಗಿತ್ತು. ಅಕ್ಕ ಸಂಜೆ ಅರ್ಧಕ್ಕೆ ಬಿಟ್ಟ ಸಾಲು ಬೆಳಿಗ್ಗೆ ನಾವು ಬರುವಷ್ಟರಲ್ಲಿ ಪೂರ್ತಿ ಚೊಕ್ಕಟವಾಗಿರುತ್ತಿತ್ತು. ಅಕ್ಕನಿಗೆ ತಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದೇನೆ ಎಂದು ಅನ್ನಿಸತೊಡಗಿತು. "ನೋಡ್ದಾ ನಿಂಗಾಜಿ, ಸಂಜೆ ಕತ್ಲಲ್ಲಿ ಗೊತ್ತಾಗಕಿಲ್ಲ. ನನ್ನ ಕೈ ಬೀಸು ಹಂಗದೆ" ಎಂದು ಹೇಳಿಕೊಂಡಳು. ಹೊಂಬಾಳೆ ಆಚೆ ತಿರುಗಿ ಕೆಮ್ಮಿದಳು. ಅವಳು ಕೋಳಿ ಕೂಗುವ ಹೊತ್ತಿಗೇ ಮಜ್ಜಿಗೆ ತಂಬಿಗೆ ಹಿಡಿದು ಎತ್ತ ಹೋಗುತ್ತಾಳೆ ಎಂದು ನನಗೆ ಅನುಮಾನವಿತ್ತು. ಆದರೆ ಕಳೆ ಹೋಗುತ್ತಿರುವಾಗ ಅನುಮಾನ ಕಟ್ಟಿಕೊಂಡು ನನಗೇನಾಗಬೇಕು ಎಂದು ಸುಮ್ಮನಿದ್ದೆ.

ಹುಣ್ಣಿಮೆ ಆಯಿತು, ಗೌಡರು ಬಂದರು. ಜೊತೆಗೆ ಅವರ ಹೆಂಡತಿ ಪುಟ್ಟಗೌರಮ್ಮ, ನಾಲ್ಕೈದು ಜನ ಹಿರಿಯರು, ಹಿಂದೆ ಶಿವಲಿಂಗು. ಹುಡುಗ ಬಿಳಿ ಅಂಗಿ ಹಾಕಿಕೊಂಡು ಲಕ್ಷಣವಾಗಿದ್ದ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಪುಟ್ಟಗೌರಮ್ಮ ನಮ್ಮ ಮನೆಗೆ ಕಾಲಿಟ್ಟಾಗಿನಿಂದ ಒಂದು ಮಾತೂ ಆಡಿರಲಿಲ್ಲ, ಗಂಡನೇ ಇಬ್ಬರ ಪಾಲಿನದನ್ನೂ ಆಡುತ್ತಿದ್ದರು. ತಮ್ಮ ಗದ್ದೆ ಹೇಗೆ ಮನೆ ಮಂದಿಯ ಹೆಸರನ್ನೆಲ್ಲ ಗಂಟೆ ಹೊಡೆದ ಹಾಗೆ ಹೇಳುತ್ತದೆ ಎಂದು ಕಾಲುವೆ ಉದ್ದಕ್ಕೂ ಹೇಳಿಕೊಂಡೇ ಬಂದರು.

ಎಲ್ಲರೂ ಬದುವಿನ ಮೇಲೆ ಸಾಲಾಗಿ ನಿಂತೆವು. ಪೈರು ಮೊಣಕಾಲುದ್ದ ಬೆಳೆದು ಗಾಳಿಗೆ ಬಾಗುತ್ತಿತ್ತು. ಅಕ್ಕ ತನ್ನ ಹಳೆಯ ಜಾಗದಲ್ಲಿ ನಿಂತಿದ್ದಳು. ಆ ಜಾಗದಲ್ಲಿ ಅಷ್ಟು ವರ್ಷ ನಿಂತ ಅಭ್ಯಾಸ, ಅವಳಿಗೆ ಗೊತ್ತಿಲ್ಲದೆಯೇ ಗಂಟಲು ಸರಿಮಾಡಿಕೊಂಡಳು, ಎದೆ ತುಂಬ ಉಸಿರು ಎಳೆದುಕೊಂಡಳು. ಸೊಲ್ಲು ಹೊರಬಿದ್ದಿದ್ದರೆ ಅವಳ ಮಾನ ಉಳಿಯುತ್ತಿತ್ತು, ಮಗಳ ಮದುವೆ ಅಲ್ಲಿಗೇ ಮುರಿಯುತ್ತಿತ್ತು. ಅಕ್ಕ ಹೊಂಬಾಳೆಯ ಮುಖ ನೋಡಿದಳು. ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟಳು.

"ಸಾಕಿ, ನೀನೆತ್ತವ್ವ" ಎಂದಳು.

ಸಾಕಮ್ಮನ ದನಿ ತೆಂಗಿನ ಗರಿ ಎಳೆದ ಹಾಗೆ. ಆದರೂ ಎತ್ತಿದಳು. "ಯಾರ್ಯಾರು ಇಳಿದಾರೆ ಹೇಳೇ ಗದ್ದೆವ್ವ." ಗಾಳಿ ನಿಂತಿತು. ಗದ್ದೆ ಸೊಲ್ಲು ಹಿಡಿಯಿತು. "ನಿಂಗಾಜಮ್ಮ ಇಳಿದಾಳೆ" ಎಂದಿತು. ನಾನು ಸೆರಗು ಸರಿಮಾಡಿಕೊಂಡೆ. "ಹೊಂಬಾಳೆ ಇಳಿದಾಳೆ" ಎಂದಿತು. ಗೌಡರು ತಲೆ ಆಡಿಸಿದರು. ಆಮೇಲೆ, ಒಂದಿಷ್ಟೂ ಮುಲಾಜಿಲ್ಲದೆ, ಗಟ್ಟಿಯಾಗಿ, "ಶಿವಲಿಂಗು ಇಳಿದಾನೆ" ಎಂದಿತು.

"ಯಾವ ಶಿವಲಿಂಗು?" ಎಂದರು ಗೌಡರು.

ಶಿವಲಿಂಗು ಬೆನ್ನ ಹಿಂದಿನ ಕೈಯನ್ನು ಮುಂದಕ್ಕೆ ತಂದ. ಉಗುರಿನ ಸಂದಿಯಲ್ಲೆಲ್ಲ ನಮ್ಮ ಗದ್ದೆಯ ಕಪ್ಪು ಮಣ್ಣು. ಆಗ ಅಕ್ಕನಿಗೆ ತನ್ನ ಸಾಲುಗಳು ಬೆಳಿಗ್ಗೆ ಹೊತ್ತಿಗೆ ಹೇಗೆ ಮುಗಿಯುತ್ತಿದ್ದವು ಎಂದು ತಿಳಿಯಿತು. ಅವಳ ಮುಖ ಸಪ್ಪಗಾಯಿತು. ತನ್ನದು ಅಂದುಕೊಂಡಿದ್ದ ದುಡಿಮೆಯಲ್ಲಿ ತನ್ನದೆಷ್ಟು ಉಳಿಯಿತೋ ಎಂದು ಅವಳು ಲೆಕ್ಕ ಹಾಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಗೌಡರಂತೂ ಮಗನ ಕಡೆ ತಿರುಗಿ ಶುರುಮಾಡಿದರು.

"ಅದಕ್ಕೇನ್ಲಾ ಈ ಸಲ ನಮ್ಮ ಗದ್ದೇಲಿ ನಿನ್ನ ಹೆಸ್ರೇ ಬರನಿಲ್ಲ? ನಾನು ಗದ್ದೆಗೇ ಏನೋ ಆಗದೆ ಅಂದ್ಕಂಡು ಪೂಜೆ ಮಾಡ್ಸಿದ್ನಲ್ಲೋ. ಮದ್ವೆಗೆ ಮುಂಚೆನೇ ಮಾವನ ಮನೆ ಕಳೆ ಕೀಳಕ್ಕೆ ಬಂದಿದ್ಯಾ, ಮಾನ ಮರ್ವಾದೆ ಅದೇನ್ಲಾ ನಿಂಗೆ?"

ಅವರು ಬೈಯುತ್ತಿದ್ದರು, ಗದ್ದೆ ತನ್ನ ಪಾಡಿಗೆ ಹಾಡುತ್ತಿತ್ತು. ಕರಿಯನ ಹೆಸರು ಬಂತು, ನನ್ನ ಗಂಡನ ಹೆಸರು ಬಂತು, ಆಳುಗಳ ಹೆಸರೆಲ್ಲ ಬಂದು ಮುಗಿಯಿತು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು, ನನ್ನ ಕೈಯನ್ನು ಬಳೆ ಒಡೆಯುವ ಹಾಗೆ ಹಿಡಿದಿದ್ದಳು. ಆಮೇಲೆ, ನಿದ್ದೆಗಣ್ಣಿನ ಮಗು ಅಂದ ಹಾಗೆ, ಅಷ್ಟು ಮೆಲ್ಲಗೆ, "ದೇವೀರಮ್ಮ ಇಳಿದಾಳೆ" ಎಂದು ಬಂತು. ಬಂದು ಗದ್ದೆ ಸುಮ್ಮನಾಯಿತು. ಅಕ್ಕ ನಿಂತಲ್ಲೇ ಕುಸಿದು ಬದುವಿನ ಮೇಲೆ ಕೂತಳು. ಜನ್ಮದಲ್ಲಿ ಮೊದಲ ಸಲ ತನ್ನ ಹೆಸರು ಕೇಳಿದವಳ ಹಾಗೆ ಅತ್ತಳು, ನನಗೂ ಅಳು ಬಂತು.

ಗೌಡರು ಬೈಗುಳ ಮುಗಿಸಿ ಈ ಕಡೆ ತಿರುಗಿದರು. ನೋಡಿದರೆ ಗದ್ದೆ ನಿಂತುಹೋಗಿದೆ, ಹೆಣ್ಣಿನ ತಾಯಿ ಅಳುತ್ತಿದ್ದಾಳೆ. "ನಾನು ಮೊದ್ಲೇ ಹೇಳಿದ್ದೆ ತಾಯಿ" ಎಂದರು, ಸ್ವಲ್ಪ ಮೆತ್ತಗೆ. "ನಿಮ್ಮ ಹೆಸ್ರು ಬರನಿಲ್ಲ. ಮಗ ಮಾಡಿದ್ದು ಮಗಂಗೆ. ಮಾತು ಮಾತೇ, ಏನು ಮಾಡಕಾಯ್ತದೆ."

"ಬಂತು ಗೌಡ್ರೇ" ಎಂದಳು ಅಕ್ಕ ಮೂಗು ಒರೆಸಿಕೊಂಡು. "ನೀವು ಮಗನ್ನ ಬಯ್ಯೋದ್ರಲ್ಲಿದ್ರಿ."

"ನಾನು ಕೇಳ್ನಿಲ್ಲ. ಕೇಳ್ದೆ ಹೆಂಗೆ ಒಪ್ಪಲಿ? ಇವತ್ತು ಇನ್ನೊಂದ್ಸಲ ಎತ್ತಿದ್ರೂ ಅದು ಹೇಳಕಿಲ್ಲ."

ಅಷ್ಟರಲ್ಲಿ ಅವರ ಹಿಂದಿನಿಂದ ಒಂದು ದನಿ ಬಂತು. "ನಾನು ಕೇಳ್ದೆ." ಪುಟ್ಟಗೌರಮ್ಮ. ಅವರ ದನಿ ಹೀಗಿದೆ ಎಂದು ನಮಗೆ ಗೊತ್ತಾದದ್ದೇ ಆಗ. "ಮೆಲ್ಲಗೆ ಬಂತು, ಆದ್ರೆ ಬಂತು. ನಮ್ಮ ಗದ್ದೇಲಿ ನಿಮ್ಮ ಹೆಸ್ರು ಅಷ್ಟಾದ್ರೂ ಬಂದದಾ?"

ಗೌಡರ ಮೀಸೆ ಅಲ್ಲಾಡಿತು.

"ನಾನು ಈ ಮನೆ ಸೇರ್ದಾಗಿಂದ ಸೊಲ್ಲೆತ್ತೋದು ಇವ್ರೇ, ಇನ್ನೊಬ್ರಿಗೆ ಬಿಟ್ಟೋರಲ್ಲ. ಬದಿನ ಮೇಲೆ ಛತ್ರಿ ಹಿಡ್ಕಂಡು ನಿಂತು ಎತ್ತುತಾರೆ" ಎಂದರು ಪುಟ್ಟಗೌರಮ್ಮ ನಮ್ಮೆಲ್ಲರ ಕಡೆ ನೋಡುತ್ತ, ಸಿಟ್ಟಿಲ್ಲದೆ, ಮನೆಯ ಹಸು ಎಷ್ಟು ಹಾಲು ಕೊಡುತ್ತದೆ ಎಂದು ಹೇಳುವ ಹಾಗೆ. "ಗಂಡಿನ ಕಡೆ ಗದ್ದೆ ಕೇಳಕ್ಕೆ ಯಾರು ಬತ್ತಾರೆ, ಹಂಗಾಗಿ ನಡ್ಕಂಡೋಯ್ತು."

ಹಿರಿಯರು ಆಕಾಶ ನೋಡಿದರು. ಸಾಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಆ ಕಡೆ ತಿರುಗಿದಳು. ನನ್ನ ಗಂಡನಿಗೆ ಎಷ್ಟೋ ವರ್ಷದ ಮೇಲೆ ಒಂದು ಸಮಾಧಾನ ಸಿಕ್ಕಿದ ಹಾಗೆ ಮುಖ ಅರಳಿತು. ಗೌಡರ ಕಿವಿ ಕೆಂಪಾಯಿತು, ಹೆಗಲ ಮೇಲಿನ ಟವಲನ್ನು ತೆಗೆದು, ಕೊಡವಿ, ಮತ್ತೆ ಅದೇ ಹೆಗಲ ಮೇಲೆ ಹಾಕಿಕೊಂಡರು.

ನಗದೇ ಇದ್ದವಳು ಅಕ್ಕ ಒಬ್ಬಳೇ. ಅವಳು ಎದ್ದು, ಎಲೆ ಅಡಿಕೆಯ ತಟ್ಟೆಯನ್ನು ಹೊಂಬಾಳೆಯ ಕೈಯಿಂದ ತೆಗೆದುಕೊಂಡು ಗೌಡರ ಹತ್ತಿರ ಹೋದಳು. "ಭಯ ಆಯ್ತದೆ ಬೀಗರೇ, ನಂಗೊತ್ತು" ಎಂದಳು. "ಕೊಡೋವರ್ಗೂ ಭಯನೇ. ಕೊಟ್ಟು ಕೇಳಿ ನೋಡಿ. ಎಷ್ಟು ಮೆಲ್ಲಗೆ ಬಂದ್ರೂ ಅದು ನಮ್ಮ ಹೆಸ್ರೇ ಅಲ್ವಾ."

ಗೌಡರು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಶಿವಲಿಂಗು ಅಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ತಟ್ಟೆ ಹಿಡಿದುಕೊಂಡೇ ಗೌಡರು ಹೆಂಡತಿಯ ಕಡೆ ತಿರುಗಿ, ಯಾರಿಗೂ ಕೇಳಿಸಬಾರದು ಎಂಬಂತೆ, ಆದರೆ ನಮಗೆಲ್ಲ ಕೇಳಿಸುವಷ್ಟು ದನಿಯಲ್ಲಿ ಹೇಳಿದರು: "ನಾಡಿದ್ದಿಂದ ಸೊಲ್ಲು ನೀನೇ ಎತ್ತು."

"ಎತ್ತಕ್ಕೆ ನಂಗೇನು" ಎಂದರು ಪುಟ್ಟಗೌರಮ್ಮ. "ಇಳಿಯೋರು ನೀವು."